ಅಂಗೈಯಲ್ಲಿ ಕಂಡ ಹಳದಿ

ಬೆಳಗಿನ ಶಿವಪೂಜೆಯಲ್ಲಿ ನಾನು ನನ್ನ ಎಡಗೈಯ ಅಂಗೈಯನ್ನು ನೋಡಿದಷ್ಟು ಬೇರೆ ಯಾವುದನ್ನೂ ಈ ಜನ್ಮದಲ್ಲಿ ನೋಡಿಲ್ಲ. ಬಾಲ್ಯದಲ್ಲಿ ಗುರುಗಳು ದೀಕ್ಷೆಯಿತ್ತು ಇಷ್ಟಲಿಂಗವನ್ನು ಆ ಅಂಗೈಯ ಮೇಲೆ ಇರಿಸಿದಂದಿನಿಂದ, ಒಂದು ಬೆಳಗನ್ನೂ ತಪ್ಪಿಸದೆ, ಅದರ ಎದುರಿಗೆ ಕುಳಿತಿದ್ದೇನೆ. ಅಲ್ಲಿನ ಗೆರೆಗಳು ಆಳವಾದದ್ದನ್ನೂ ಚರ್ಮ ಸಡಿಲಾದದ್ದನ್ನೂ ಕಂಡಿದ್ದೇನೆ. ಇಷ್ಟಾದರೂ ಆ ಅಂಗೈಯ ಬಣ್ಣ ಬದಲಾದಾಗ ನಾನು ಅಂಗೈಯನ್ನು ಅನುಮಾನಿಸಲಿಲ್ಲ. ಅದಕ್ಕೆ ಹಚ್ಚಿಕೊಂಡ ವಿಭೂತಿಯನ್ನು ಅನುಮಾನಿಸಿದೆ.

ಆಗ ಮಳೆಗಾಲ ಮುಗಿಯುತ್ತ ಬಂದಿತ್ತು. ಆಸ್ಪರಿಯ ಕಡೆಯ ಒಂದು ಹಳ್ಳಿಯಲ್ಲಿ ಶ್ರಾವಣದ ಪುರಾಣ ಹೇಳಿ ಮುಗಿಸಿ ಆಲೂರಿನ ಮನೆಗೆ ಮರಳಿದ್ದೆ. ಕನ್ನಡ ಶಾಲೆಯ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ಪುರಾಣ ಹೇಳುವುದೇ ನನ್ನ ಕಾಯಕ. ಮಠದ ಪಾಠಶಾಲೆಯಲ್ಲಿ ಕಲಿತ ಸಂಸ್ಕೃತ ಕನ್ನಡಗಳು ಇಳಿವಯಸ್ಸಿನಲ್ಲಿ ಹಾಗೆ ಒದಗಿಬಂದವು. ಜನ ಶಾಸ್ತ್ರಿಗಳೆಂದು ಕರೆಯುವುದೂ ಅದರಿಂದಲೇ. ಆ ತಿಂಗಳು ಹಸಿವು ಕುಗ್ಗಿತ್ತು, ಮೈ ಇಳಿದಿತ್ತು. ವ್ರತದ ಫಲವೆಂದು ತಿಳಿದು ಸಮಾಧಾನಪಟ್ಟುಕೊಂಡಿದ್ದೆ.

ವಿಭೂತಿಯ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇದಾಗ ಆ ತೆಳುವಾದ ಲೇಪ ಎಂದಿನಂತೆ ಬೆಳ್ಳಗೆ ಕಾಣದೆ ಕೆನೆಯ ಬಣ್ಣಕ್ಕೆ ತಿರುಗಿದಂತೆ ತೋರಿತು. ಮರುದಿನವೂ ಹಾಗೆಯೇ. ಈಗಿನವರು ಭಸ್ಮದಲ್ಲಿಯೂ ಏನನ್ನೋ ಬೆರೆಸುತ್ತಾರೆಂದು ಬೇಸರವಾಗಿ, ಗಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಪೇಟೆಯ ಪೂಜಾ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯ ವೀರೇಶ ಒಂದು ಕಾಲಕ್ಕೆ ನನ್ನ ಶಿಷ್ಯ. ಇದರಲ್ಲಿ ಅರಿಸಿನ ಬೆರೆತಿದೆಯೆಂದು ನಾನು ಆಕ್ಷೇಪಿಸಿದೆ. ಅವನು ವಾದಿಸಲಿಲ್ಲ. ಗಟ್ಟಿಯ ತುದಿಯನ್ನು ನೀರಿಗೆ ತಾಗಿಸಿ ತನ್ನ ಅಂಗೈಯ ಮೇಲೆ ಉಜ್ಜಿದ.

"ನನ್ನ ಕೈಯಾಗ ಬೆಳ್ಳಗೈತಲ್ರಿ, ಶಾಸ್ತ್ರಿಗಳ. ನಿಮ್ಮ ಕೈ ಒಂದೀಟು ತೋರಿಸ್ರಿ."

ತೋರಿಸಿದೆ. ಅವನು ನನ್ನ ಅಂಗೈಯನ್ನು ನೋಡಿದ, ಆಮೇಲೆ ಮುಖವನ್ನು, ಆಮೇಲೆ ಕಣ್ಣನ್ನು. ನನ್ನ ಹಣೆ, ತೋಳು, ಎದೆಯೆಲ್ಲ ಹೊತ್ತಾರೆಯಿಂದ ಭಸ್ಮದಿಂದ ಮುಚ್ಚಿರುತ್ತಿದ್ದುದರಿಂದ ಯಾರಿಗೂ ಏನೂ ಕಂಡಿರಲಿಲ್ಲ. ಗಟ್ಟಿಯನ್ನು ಅದೇ ಕಾಗದದಲ್ಲಿ ಮತ್ತೆ ಸುತ್ತಿ ಕೊಡುತ್ತ ಅವನು ಬಹಳ ಮೆಲ್ಲಗೆ ಹೇಳಿದ: "ಮನೀಗೆ ಹೋಗಿ ಅಮ್ಮಾರಿಗೆ ಕಣ್ಣು ತೋರಿಸ್ರಿ."

ನನ್ನ ಪತ್ನಿ ಗೌರಮ್ಮ ನನ್ನನ್ನು ಹಿತ್ತಲ ಬಾಗಿಲಿನ ಬಿಸಿಲಿಗೆ ಕರೆತಂದು, ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ ನೋಡಿದಳು. ಒಳಗೆ ಹೋಗಿ ಒಲೆಯ ಮೇಲಿದ್ದ ಸಾರನ್ನು ಇಳಿಸಿ ಬದಿಗಿಟ್ಟಳು.

ನಮ್ಮ ಸೀಮೆಯಲ್ಲಿ ಕಣ್ಣು ಹಳದಿಯಾದರೆ ಕಾಮಾಲೆ. ಕಾಮಾಲೆಯೆಂದರೆ ಎಲೆಯ ರಸ, ಉಪ್ಪೆಣ್ಣೆಯಿಲ್ಲದ ಪಥ್ಯ. ಅದಕ್ಕಿಂತ ಆಚೆಗೆ ಯಾರೂ ಯೋಚಿಸುವುದಿಲ್ಲ, ನಾನೂ ಯೋಚಿಸಲಿಲ್ಲ. ಎಲೆಮದ್ದು ಕುಡಿದೆ. ಸಪ್ಪನೆಯ ಗಂಜಿ ಉಂಡೆ. ನಿಜ ಹೇಳಬೇಕೆಂದರೆ ಆ ಪಥ್ಯ ನನಗೆ ಕಷ್ಟವೆನಿಸಲೇ ಇಲ್ಲ. ರುಚಿಯನ್ನು ಬಿಡುವುದು ನಮ್ಮಂಥವರಿಗೆ ಚಿಕ್ಕಂದಿನಿಂದ ಅಭ್ಯಾಸ. ರೋಗದ ಪಥ್ಯವನ್ನು ನಾನು ಇನ್ನೊಂದು ವ್ರತವನ್ನಾಗಿ ಮಾಡಿಕೊಂಡು, ಅದನ್ನು ಚೆನ್ನಾಗಿ ನಡೆಸುತ್ತಿದ್ದೇನೆಂಬ ತೃಪ್ತಿಯಲ್ಲಿ ದಿನಗಳನ್ನು ಕಳೆದೆ. ಮೂತ್ರ ಕಡುಬಣ್ಣಕ್ಕೆ ತಿರುಗಿತು, ಮಲ ಸುಣ್ಣದಂತೆ ಬಿಳಿಚಿತು. ಇವನ್ನೆಲ್ಲ ಬಾಯಿಬಿಟ್ಟು ಹೇಳಲು ಸಂಕೋಚ. ಓದುತ್ತಿರುವವರಲ್ಲಿ ನನ್ನ ವಯಸ್ಸಿನವರು ಯಾರಾದರೂ ಇದ್ದರೆ, ಈ ಒಂದು ಸಂಕೋಚವನ್ನು ಬಿಟ್ಟುಬಿಡಿರೆಂದು ಕೈಮುಗಿದು ಕೇಳುತ್ತೇನೆ.

ನನ್ನನ್ನು ವೈದ್ಯರ ಬಳಿಗೆ ಅಟ್ಟಿದ್ದು ಹಳದಿಯಲ್ಲ, ತುರಿಕೆ. ಅದು ಚರ್ಮದ ತುರಿಕೆಯಲ್ಲ. ಚರ್ಮದ ಒಳಗೆ ಎಲ್ಲಿಯೋ ಹರಿದಾಡುವಂಥದು, ಕೆರೆದರೆ ಸಿಗದಂಥದು. ಅಂಗೈ, ಅಂಗಾಲುಗಳಲ್ಲಿ ಅದು ಹೆಚ್ಚು. ಗೌರಮ್ಮ ಒದ್ದೆ ಬಟ್ಟೆಯಿಂದ ಬೆನ್ನು ಒರೆಸುತ್ತ ಕೂಡುವಳು. ಒಂದು ಬೆಳಿಗ್ಗೆ ಪೂಜೆಯ ನಡುವೆ ಲಿಂಗವನ್ನು ಹಿಡಿದಿದ್ದ ಅಂಗೈಯೇ ತುರಿಸತೊಡಗಿತು. ಸಹಿಸಿದೆ, ಮಂತ್ರವನ್ನು ಗಟ್ಟಿಯಾಗಿ ಹೇಳಿದೆ, ಕಣ್ಣಿನಿಂದ ನೀರು ಇಳಿಯಿತು. ಕೊನೆಗೆ ಕೈ ತಾನಾಗಿಯೇ ನಡುಗಿ ಪತ್ರೆಯೂ ಹೂವೂ ನೆಲಕ್ಕೆ ಉದುರಿದವು. ಬಾಗಿಲಲ್ಲಿ ನಿಂತು ನೋಡಿದ ಗೌರಮ್ಮ ಅಂದೇ ಆದವಾನಿಯಲ್ಲಿರುವ ನಮ್ಮ ಮಗಳು ವಿಜಯಾಳಿಗೆ ಫೋನು ಮಾಡಿದಳು.

ಆದವಾನಿಯ ವೈದ್ಯರು ಹೊಟ್ಟೆಯ ಮೇಲೆ ಅಂಟಾದ ದ್ರವ ಸವರಿ ಯಂತ್ರವನ್ನು ಆಡಿಸುತ್ತ, ಒಂದು ಜಾಗಕ್ಕೆ ಮತ್ತೆ ಮತ್ತೆ ಮರಳಿ ಬಂದರು. ಅವರ ಮುಖವನ್ನು ಓದಲು ಪ್ರಯತ್ನಿಸಿದೆ. ಪಿತ್ತ ಇಳಿಯುವ ನಾಳದಲ್ಲಿ ತಡೆ ಇದೆ, ಕರ್ನೂಲಿಗೆ ಹೋಗಿ ದೊಡ್ಡ ಸ್ಕ್ಯಾನು ಮಾಡಿಸಿರಿ ಎಂದಷ್ಟೇ ಹೇಳಿದರು. ಹೊರಗೆ ಬಂದ ಮೇಲೆ ವಿಜಯಾ, "ಒಂದು ಸಣ್ಣ ಗಂಟಂತಪ್ಪಾ, ಅಷ್ಟೇ," ಎಂದಳು. ಸರಕಾರಿ ಕಚೇರಿಯಲ್ಲಿ ಜನರಿಗೆ ಉತ್ತರ ಹೇಳಿ ರೂಢಿಯಾದ ಹುಡುಗಿ. ಆದರೆ ಆ ಮಾತು ಹೇಳುವಾಗ ಅವಳು ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತಿದ್ದಳು. ಮುಂದೆ ಕರ್ನೂಲಿನಲ್ಲಿ ನಾವು ಕುಳಿತ ಕೊಠಡಿಯ ಬಾಗಿಲ ಮೇಲೆ ಅದು ಯಾವ ರೋಗದ ವಿಭಾಗವೆಂದು ತೆಲುಗಿನಲ್ಲಿ ದೊಡ್ಡದಾಗಿ ಬರೆದಿತ್ತು. ನಾನು ಮೂರು ಭಾಷೆಗಳನ್ನು ಓದಬಲ್ಲೆನೆಂಬುದನ್ನು ನನ್ನ ಮಗಳು ಆ ಹೊತ್ತಿಗೆ ಮರೆತಿದ್ದಳು. ನಾನೂ ನೆನಪಿಸಲಿಲ್ಲ.

ಕರ್ನೂಲಿನ ಸ್ಕ್ಯಾನಿನ ಕೋಣೆಯಲ್ಲಿ ಮೊದಲ ಪರೀಕ್ಷೆ ಎದುರಾಯಿತು. ಮೈಮೇಲೆ ಲೋಹದ ವಸ್ತು ಏನೂ ಇರಬಾರದೆಂಬುದು ಅಲ್ಲಿನ ನಿಯಮ. ಗೌರಮ್ಮ ಬಾಗಿಲ ಹೊರಗೇ ನನ್ನ ಬೆಳ್ಳಿಯ ಉಡಿದಾರವನ್ನು ಬಿಚ್ಚಿಕೊಂಡಿದ್ದಳು. ಯಂತ್ರ ನಡೆಸುವ ತರುಣ ನನ್ನ ಕೊರಳಿನಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ತೋರಿಸಿ ವಿನಯದಿಂದಲೇ, "ಅದೀ ತೀಸೇಯಾಲಿ, ತಾತಾ," ಎಂದ. ತೆಗೆಯಬೇಕು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಇಷ್ಟಲಿಂಗವೆಂಬುದು ದೇವರ ಕೋಣೆಯಲ್ಲಿರುವ ಮೂರ್ತಿಯಲ್ಲ. ಅದು ಮೈಮೇಲೆ ಇರುವಂಥದು. ಸ್ನಾನದಲ್ಲಿಯೂ ನಿದ್ದೆಯಲ್ಲಿಯೂ ಮೈಯನ್ನು ಬಿಡದಂಥದು. ಕರಡಿಗೆ ಅದರ ಮನೆ ಮಾತ್ರ. ಲಿಂಗ ಅಂಗವನ್ನು ಬಿಟ್ಟರೆ ಪ್ರಾಣ ಬಿಟ್ಟಂತೆ ಎಂದು ಗುರುಗಳು ಹೇಳಿ ಕಟ್ಟಿದ್ದರು. ಲಿಂಗ ಕಳೆದುಹೋಯಿತೆಂದು ಪ್ರಾಣವನ್ನೇ ಬಿಡಲು ಹೊರಟ ಭಕ್ತರ ಕಥೆಗಳನ್ನು ನಾನು ಎಷ್ಟೋ ಊರುಗಳ ಗುಡಿಗಳಲ್ಲಿ ಕಣ್ಣೀರು ಬರುವಂತೆ ಹೇಳಿದ್ದೇನೆ. ಹಾಗಾಗಿ ನಾನು ಸ್ಕ್ಯಾನೇ ಬೇಡವೆಂದು ಎದ್ದು ಕುಳಿತೆ.

ಗೌರಮ್ಮ ಒಳಗೆ ಬಂದು ವಿಷಯ ಕೇಳಿದಳು. ತರುಣನೊಡನೆ ತೆಲುಗಿನಲ್ಲಿ ಮಾತಾಡಿದಳು; ಲೋಹವಿರುವುದು ಕರಡಿಗೆಯಲ್ಲಿ, ಒಳಗಿರುವುದು ಕಲ್ಲು, ಅದರ ಮೇಲೆ ಕಪ್ಪು ಕಂತಿಯ ಲೇಪ ಎಂದು ವಿವರಿಸಿದಳು. ಅವನು ಹಿರಿಯರನ್ನು ಕೇಳಿ ಬಂದು ಒಪ್ಪಿದ. ಆಕೆ ಲಿಂಗವನ್ನು ಬಿಳಿಯ ಹತ್ತಿಬಟ್ಟೆಯ ಲಿಂಗವಸ್ತ್ರದಲ್ಲಿ ಸುತ್ತಿ ನೂಲಿನ ದಾರದಿಂದ ನನ್ನ ಕೊರಳಿಗೆ ಕಟ್ಟಿದಳು. ಖಾಲಿ ಕರಡಿಗೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಆ ಗುಹೆಯಂಥ ಯಂತ್ರದೊಳಗೆ ಸುತ್ತಿಗೆ ಬಡಿದಂಥ ಸದ್ದುಗಳ ನಡುವೆ ನಾನು ಎದೆಯ ಮೇಲಿನ ಆ ಪುಟ್ಟ ಭಾರವನ್ನೇ ಎಣಿಸಿಕೊಂಡು ಮಲಗಿದ್ದೆ.

ಆಮೇಲಿನ ತಿಂಗಳುಗಳಲ್ಲಿ ಕಾಯುವ ಕೋಣೆಗಳೇ ನಮ್ಮ ಮನೆಯಾದವು. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಸದ್ದಿಲ್ಲದೆ ಯಾರೋ ಆರತಿ ಬೆಳಗುತ್ತಿರುತ್ತಿದ್ದರು. ಎಲ್ಲರ ತೊಡೆಗಳ ಮೇಲೂ ಸ್ಕ್ಯಾನಿನ ದೊಡ್ಡ ಲಕೋಟೆಗಳು. ಹಳದಿ ಕಣ್ಣಿನವರು ನಾವು ಒಬ್ಬರನ್ನೊಬ್ಬರು ಬೇಗ ಗುರುತಿಸುತ್ತಿದ್ದೆವು. ಹೆಸರಿಗಿಂತ ಮೊದಲು ತುರಿಕೆಯ ಬಗ್ಗೆ ವಿಚಾರಿಸುತ್ತಿದ್ದೆವು. ಹಾಗೆ ಪರಿಚಯವಾದವನು ಆಸ್ಪರಿಯ ಕಡೆಯ ಕುರಿ ಸಾಕುವ ಹನುಮಂತಪ್ಪ. ನನಗಿಂತ ಕಿರಿಯ, ಎತ್ತರದ ಆಳು, ಹೆಗಲ ಮೇಲೆ ಸದಾ ಒಂದು ಕಂಬಳಿ. ಅವನಿಗೂ ಅದೇ ನಾಳ, ಅದೇ ಗಂಟು. ನನ್ನ ಪುರಾಣವನ್ನು ಒಮ್ಮೆ ಕೇಳಿದ್ದನಂತೆ. ನಡುವೆ ನಿದ್ದೆ ಬಂದಿತೆಂದು ಮುಚ್ಚುಮರೆಯಿಲ್ಲದೆ ಹೇಳಿದ.

ಪಿತ್ತವೆಂದರೆ ಇಷ್ಟು ಹಟಮಾರಿಯೆಂದು ನನಗೆ ಗೊತ್ತಿರಲಿಲ್ಲವೆಂದು ಒಮ್ಮೆ ನಾನೆಂದೆ. ಅವನು ಆಚೀಚೆ ನೋಡಿ ನನ್ನ ಕಡೆಗೆ ಬಾಗಿದ.

"ನಿಮ್ಮ ಮುಂದ ಹೇಳಬಾರದ್ರಿ, ನೀವು ಲಿಂಗವಂತರು. ಕುರಿ ಕೊಯ್ಯೋವಾಗ ನಾವು ಮೊದಲು ಪಿತ್ತದ ಚೀಲ ಹುಡುಕಿ ಹಗೂರಕ ತಗೀತೀವ್ರಿ. ಅದೊಂದು ಒಡೀತಂದ್ರ ಮುಗೀತು, ಎಲ್ಲಾ ಕಹಿ. ಈಗ ಡಾಕ್ಟ್ರು ನನ್ನ ಚೀಲ ಹುಡುಕಾಕ ಹತ್ಯಾರ. ಕುರಿಗುಳು ಮ್ಯಾಲಿಂದ ನೋಡಿ ನಗತಿರಬೌದು."

ಅವನು ನಕ್ಕ. ಕೇಳಬಾರದ್ದನ್ನು ಕೇಳಿದ ನಾನೂ ನಕ್ಕೆ. ಮಾಂಸದ ಮಾತು ಬಂದರೆ ಎದ್ದುಹೋಗುವ ಗೌರಮ್ಮ ಆ ದಿನ ಏಳಲಿಲ್ಲ. ತನ್ನ ಡಬ್ಬಿಯಲ್ಲಿದ್ದ ಮೆತ್ತನೆಯ ಅನ್ನದಲ್ಲಿ ಅವನಿಗೂ ಪಾಲು ಹಾಕಿದಳು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಉಂಡ. ರೋಗ ನಮಗೆ ಮಾಡಿದ ಉಪಕಾರಗಳು ಕಡಿಮೆ. ಆದರೆ ಬೇರೆ ಎಲ್ಲಿಯೂ ಒಂದೇ ಸಾಲಿನಲ್ಲಿ ಕೂಡದ ನಮ್ಮನ್ನು ಅದು ಒಂದೇ ಬೆಂಚಿನ ಮೇಲೆ ಕೂಡಿಸಿತು.

ಬಾಯಿಯ ಮೂಲಕ ಕೊಳವೆಯನ್ನು ಇಳಿಸಿ, ಮುಚ್ಚಿಹೋದ ನಾಳದಲ್ಲಿ ಒಂದು ಸಣ್ಣ ನಳಿಕೆಯನ್ನು ಇಟ್ಟರು. ಅದಕ್ಕೆ ಸ್ಟೆಂಟು ಎನ್ನುತ್ತಾರೆ. ಆ ಸಲ ಲಿಂಗವನ್ನು ಬೆನ್ನ ಕಡೆಗೆ ತಿರುಗಿಸಿ ಕಟ್ಟಿಕೊಳ್ಳಲು ಬಿಟ್ಟರು. ತುರಿಕೆ ಕ್ರಮವಾಗಿ ಇಳಿಯಿತು. ಮೊದಲ ಸಲ ತುರಿಕೆಯಿಲ್ಲದೆ ಎಚ್ಚರವಾದ ಬೆಳಿಗ್ಗೆ ಹಾಸಿಗೆಯಲ್ಲಿಯೇ ಕುಳಿತು ಬಹಳ ಹೊತ್ತು ಸುಮ್ಮನೆ ಅತ್ತೆ. ಅಂಗೈ ನಿಧಾನವಾಗಿ ತನ್ನ ಬಣ್ಣಕ್ಕೆ ಮರಳಿತು. ರೋಗ ಹೋಗಿರಲಿಲ್ಲ; ದಾರಿ ಮಾತ್ರ ತೆರೆದಿತ್ತು. ರೋಗವನ್ನೇ ಕತ್ತರಿಸಿ ತೆಗೆಯಲು ಸಾಧ್ಯವೇ ಎಂದು ಕೇಳಲು ನಾವು ಹೈದರಾಬಾದಿಗೆ ಹೋದೆವು.

ಅಲ್ಲಿನ ಶಸ್ತ್ರವೈದ್ಯರು ತಾಳ್ಮೆಯ ಮನುಷ್ಯ. ಗಂಟು ಇರುವ ಜಾಗ ಇಕ್ಕಟ್ಟಿನದು, ಚಿತ್ರಗಳಲ್ಲಿ ತೆಗೆಯಬಹುದೆಂದು ಕಾಣುತ್ತಿದೆ, ಆದರೆ ತೆರೆದು ನೋಡಿದ ಮೇಲಷ್ಟೇ ನಿಶ್ಚಯ ಎಂದರು. ಎಲ್ಲವೂ ಎಣಿಸಿದಂತೆ ನಡೆದರೆ ಬೆಳಿಗ್ಗೆ ಒಳಗೆ ಹೋದವರು ಹೊರಗೆ ಬರುವಾಗ ಸಂಜೆಯಾಗುತ್ತದೆ, ಗಾಬರಿಯಾಗಬೇಡಿ ಎಂದು ಗೌರಮ್ಮನಿಗೆ ಹೇಳಿದರು. ಆ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ.

ಹಿಂದಿನ ದಿನ ಹಿರಿಯ ದಾದಿ ಬಂದು ಸಿದ್ಧತೆಗಳನ್ನು ಹೇಳಿದಳು. ಈ ಸಲ ಯಾವ ರಿಯಾಯಿತಿಯೂ ಇಲ್ಲ. ಎದೆಯಿಂದ ಹೊಟ್ಟೆಯವರೆಗೆ ಔಷಧದಿಂದ ತೊಳೆಯುತ್ತಾರೆ. ದಾರ, ಬಟ್ಟೆ, ಕಲ್ಲು, ಯಾವುದೂ ಮೈಮೇಲೆ ಇರುವಂತಿಲ್ಲ. ತಲೆಗೆ ಕಟ್ಟಿಕೊಳ್ಳಲೇ, ಮುಷ್ಟಿಯಲ್ಲಿ ಹಿಡಿದುಕೊಳ್ಳಲೇ ಎಂದು ಕೇಳಿದೆ. ಅರಿವಳಿಕೆಯಲ್ಲಿ ಮುಷ್ಟಿ ತೆರೆದುಕೊಳ್ಳುತ್ತದೆ ತಾತಾ, ಎಲ್ಲಿ ಬಿತ್ತೆಂದು ಯಾರಿಗೂ ತಿಳಿಯದು ಎಂದಳು. ಆಕೆಯ ಮಾತು ನಿಜ.

ಮಧ್ಯಾಹ್ನವೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಕೇಳೋಣವೆಂದರೆ ಗುರುಗಳು ಲಿಂಗೈಕ್ಯರಾಗಿ ವರ್ಷಗಳಾಗಿದ್ದವು. ಸಾವಿನ ಭಯ ನನಗಿತ್ತು. ಇರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ. ಲಿಂಗ ಮೈಮೇಲಿಲ್ಲದ ಹೊತ್ತಿನಲ್ಲಿ, ಪ್ರಜ್ಞೆಯಿಲ್ಲದೆ ಮಲಗಿರುವಾಗ, ಪ್ರಾಣ ಹೋಗಿಬಿಟ್ಟರೆ? ಜೀವನಪೂರ್ತಿ ಕಾಯ್ದುಕೊಂಡು ಬಂದದ್ದನ್ನು ಕೊನೆಯ ಗಳಿಗೆಯಲ್ಲಿ ಕಳೆದುಕೊಂಡು ಹೋದಂತಾಗುತ್ತದೆ. ಶಸ್ತ್ರಚಿಕಿತ್ಸೆ ಬೇಡ, ಊರಿಗೆ ಹೋಗೋಣ ಎಂದು ವಿಜಯಾಳಿಗೆ ಹೇಳಿದೆ. ಅವಳು ವಾದಿಸಿದಳು, ಅತ್ತಳು, ಕೊನೆಗೆ ಎದ್ದು ಹೊರಗೆ ಹೋದಳು.

ಗೌರಮ್ಮ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡಳು. ಕಿತ್ತಲೆಯ ಸಿಪ್ಪೆ ಸುಲಿಯತೊಡಗಿದಳು.

"ನಾ ಒಂದು ಕೇಳ್ತೀನಿ, ಶಾಸ್ತ್ರ ಓದಿದೋರು ನೀವು ಹೇಳ್ರಿ," ಎಂದಳು. "ವಿಜಯಾ ಹೊಟ್ಟ್ಯಾಗ ಎಂಟು ತಿಂಗಳಿದ್ದಾಗ ಗುರುಗಳು ಬಂದು ಆಕಿ ಲಿಂಗ ನನ್ನ ಕೊಳ್ಳಿಗೇ ಕಟ್ಟಿದ್ರೋ ಇಲ್ಲೋ?"

ಕಟ್ಟಿದ್ದರು. ನಮ್ಮಲ್ಲಿ ಅದು ಪದ್ಧತಿ. ಹುಟ್ಟಲಿರುವ ಕೂಸಿನ ಲಿಂಗವನ್ನು ತಾಯಿಯ ಲಿಂಗದ ಜೊತೆಗೆ ಕಟ್ಟುತ್ತಾರೆ. ಕೂಸು ಭೂಮಿಗೆ ಬರುವವರೆಗೆ ತಾಯಿ ಎರಡು ಲಿಂಗಗಳನ್ನು ಧರಿಸಿರುತ್ತಾಳೆ.

"ಮತ್ತ ಆಗ ಆ ಕೂಸು ಲಿಂಗ ಇಲ್ಲದ್ದು ಅನ್ನಿಸಿಕೊಂತೇನು?"

"ಇಲ್ಲ," ಎಂದೆ.

"ಹಂಗಾರ ನಿಮ್ಮದು ನನ್ನ ಕೊಳ್ಳಾಗ ಹಾಕ್ರಿ. ಒಂದು ಹಗಲು ನೀವು ನನ್ನ ಹೊಟ್ಟ್ಯಾಗ ಅದೀರಂತ ತಿಳಕೊಂತೀನಿ. ಹೊರಗ ಬಂದಕೂಡ್ಲೆ ಕೂಸಿಗೆ ಕಟ್ಟಿದಂಗ ಕಟ್ಟತೀನಿ."

ಇಷ್ಟು ಹೇಳಿ ಆಕೆ ಕಿತ್ತಲೆಯ ಒಂದು ತೊಳೆಯನ್ನು ನನ್ನ ಬಾಯಿಗಿಟ್ಟಳು. ನಾನು ಆಕೆಯ ಮುಖವನ್ನು ನೋಡಿದೆ. ಇಷ್ಟು ವರ್ಷ ಪುರಾಣಗಳಲ್ಲಿ ತಾಯ್ತನವನ್ನು ಬಣ್ಣಿಸುತ್ತ ಬಂದವನಿಗೆ ಅದರ ಅರ್ಥ ಆಸ್ಪತ್ರೆಯ ಹಾಸಿಗೆಯ ಮೇಲೆ, ಕಿತ್ತಲೆಯ ವಾಸನೆಯ ನಡುವೆ ದೊರೆಯಿತು. ಮರುಮಾತಾಡದೆ ಒಪ್ಪಿದೆ.

ಬೆಳಿಗ್ಗೆ ಅಲ್ಲಿಯೇ ಹಾಸಿಗೆಯ ಮೇಲೆ ಪೂಜೆ ಮುಗಿಸಿದೆ. ಒಂದು ಹನಿ ತೀರ್ಥವನ್ನೂ ನುಂಗುವಂತಿರಲಿಲ್ಲ, ಕಣ್ಣಿಗೆ ಹಚ್ಚಿಕೊಂಡೆ. ಗಾಲಿಮಂಚ ಬಂದಾಗ ನಾನೇ ದಾರವನ್ನು ಬಿಚ್ಚಿ, ಲಿಂಗವಸ್ತ್ರದ ಗಂಟನ್ನು ಆಕೆಯ ಕೊರಳಿಗೆ ಕಟ್ಟಿದೆ. ಗಂಟು ಬಿಗಿಯಾಗಲಿಲ್ಲ. ಆಕೆಯೇ ಕೈಯನ್ನು ಹಿಂದಕ್ಕೆ ಒಯ್ದು ಬಿಗಿದುಕೊಂಡಳು. ಆಕೆಯ ಕರಡಿಗೆಯ ಪಕ್ಕದಲ್ಲಿ ನನ್ನ ಬಿಳಿಯ ಗಂಟು ತೂಗಾಡಿತು. "ಹೋಗಿ ಬರ್ರಿ," ಎಂದಳು, ಸಂತೆಗೆ ಹೊರಟವನಿಗೆ ಹೇಳುವಂತೆ.

ನನಗೆ ಎಚ್ಚರವಾದಾಗ ಮೊದಲು ಕಂಡದ್ದು ಗೋಡೆಯ ಮೇಲಿನ ಬಿಸಿಲು. ಬೆಳ್ಳನೆಯ, ಚುರುಕಾದ, ನೆತ್ತಿಯ ಹೊತ್ತಿನ ಬಿಸಿಲು. ಮಂಪರಿನಲ್ಲಿ ಅದನ್ನು ನೋಡುತ್ತಿದ್ದೆ. ಗಂಟಲು ಒಣಗಿತ್ತು, ಹೊಟ್ಟೆಯ ಮೇಲೆ ಯಾರೋ ಕುಳಿತಂತಿತ್ತು. ಸಂಜೆಯಾಗುತ್ತದೆಂದು ಹೇಳಿದ್ದರಲ್ಲವೇ ಎಂಬ ಯೋಚನೆ ಎಲ್ಲಿಂದಲೋ ತೇಲಿ ಬಂತು. ಮಾರನೆಯ ದಿನವಾಯಿತೇ ಎಂದು ಪಕ್ಕದಲ್ಲಿದ್ದ ದಾದಿಯನ್ನು ಕೇಳಿದೆ. ಇಲ್ಲ ತಾತಾ, ಇವತ್ತೇ ಎಂದಳು. ಆಗ ನನಗೆ ತಿಳಿಯಿತು.

ಹೊರಗೆ ನಡೆದದ್ದನ್ನು ಆಮೇಲೆ ವಿಜಯಾ ಹೇಳಿದಳು. ಬಾಗಿಲು ಅಷ್ಟು ಬೇಗ ತೆರೆದದ್ದನ್ನು ಕಂಡು ನಮ್ಮ ಅಳಿಯನೂ ಬಂಧುಗಳೂ ಸಂತೋಷಪಟ್ಟರಂತೆ. ದೇವರು ದೊಡ್ಡವನು, ಬೇಗ ಮುಗಿಯಿತು ಎಂದರಂತೆ. ಗೌರಮ್ಮ ಮಾತ್ರ ಕುಳಿತಲ್ಲಿಂದ ಏಳದೆ ಕೊರಳಿನ ಎರಡೂ ಲಿಂಗಗಳನ್ನು ಕೈಯಲ್ಲಿ ಹಿಡಿದುಕೊಂಡಳಂತೆ. ಆಕೆಗೆ ಗೊತ್ತಿತ್ತು. ಒಳಗೆ ರೋಗ ಯಕೃತ್ತಿನ ಮೇಲೆ ಕಾಳು ಚೆಲ್ಲಿದಂತೆ ಹರಡಿತ್ತು. ಚಿತ್ರಗಳಲ್ಲಿ ಕಾಣದಷ್ಟು ಸಣ್ಣವು. ವೈದ್ಯರು ಏನನ್ನೂ ತೆಗೆಯದೆ ಹೊಲಿದು ಮುಚ್ಚಿದ್ದರು.

ಆಕೆ ಒಳಗೆ ಬಂದಳು. ಮಗಳು ಬಾಗಿಲಲ್ಲಿ ನಿಂತು ಏನೂ ಹೇಳಬೇಡವೆಂದು ಸನ್ನೆ ಮಾಡುತ್ತಿದ್ದುದು ನನಗೆ ಕಾಣಿಸಿತು. ಗೌರಮ್ಮ ಮೊದಲು ತನ್ನ ಕೊರಳಿನಿಂದ ಬಿಳಿಯ ಗಂಟನ್ನು ಬಿಚ್ಚಿ ನನ್ನ ಕೊರಳಿಗೆ ಕಟ್ಟಿದಳು. ಬಟ್ಟೆ ಬೆಚ್ಚಗಿತ್ತು. ಆಮೇಲೆ ಕಿವಿಯ ಹತ್ತಿರ ಬಾಗಿದಳು.

"ತಗಿಯಾಕ ಬರಲಿಲ್ಲಂತ್ರಿ. ಹಂಗೇ ಹೊಲದಾರ."

"ಗೊತ್ತಾತು," ಎಂದೆ. "ಬಿಸಿಲು ನೋಡಿದೆ."

ಆಕೆ ನನ್ನ ಹಣೆಯ ಮೇಲೆ ಕೈಯಿಟ್ಟಳು. ಮಗಳು ಅಳುವ ಸದ್ದು ಕೇಳಿಸಿತು. ಆ ಹೊತ್ತಿನ ದುಃಖವನ್ನು ಬರೆಯಲು ನಾನು ಕಲಿತ ಯಾವ ಭಾಷೆಯೂ ಸಾಲದು. ಆದರೆ ಒಂದನ್ನು ಬರೆಯಬಲ್ಲೆ. ಆಕೆ ನಿಜ ಹೇಳಿದ್ದರಿಂದ ನಾನು ಒಬ್ಬಂಟಿಯಾಗಲಿಲ್ಲ. ಸುಳ್ಳು ಹೇಳಿದ್ದರೆ ಆಕೆಯೂ ನನ್ನ ಮಗಳೂ ಒಂದು ಕೋಣೆಯಲ್ಲಿ ಅಳುತ್ತಿದ್ದರು, ನಾನು ಇನ್ನೊಂದರಲ್ಲಿ, ನಡುವೆ ಗೋಡೆಯಿರುತ್ತಿತ್ತು. ರೋಗಿಗಳ ಮನೆಯವರು ಪ್ರೀತಿಯಿಂದಲೇ ಇಂಥ ಗೋಡೆಗಳನ್ನು ಕಟ್ಟುತ್ತಾರೆ. ದಯವಿಟ್ಟು ಯೋಚಿಸಿ ಕಟ್ಟಿರಿ. ನಾವು ಎಷ್ಟನ್ನು ಕೇಳಬಲ್ಲೆವೆಂದು ನಮ್ಮನ್ನೇ ಒಮ್ಮೆ ಕೇಳಿರಿ.

ಆಮೇಲೆ ಹಳೆಯ ನಳಿಕೆಯನ್ನು ತೆಗೆದು ಗಟ್ಟಿಯಾದ ಲೋಹದ ನಳಿಕೆಯನ್ನು ಇಟ್ಟರು. ಹೊರಗಿನ ಲೋಹವನ್ನು ತೆಗೆಯಿರೆಂದು ಹೇಳಿದವರು ಒಳಗೆ ಲೋಹ ಇಟ್ಟರಲ್ಲ ಎಂದು ಗೌರಮ್ಮ ಹೇಳಿದಾಗ ಹೊಲಿಗೆ ನೋಯುವಂತೆ ನಕ್ಕೆವು. ಕರ್ನೂಲಿನಲ್ಲಿ ಕೀಮೋ ಶುರುವಾಯಿತು. ಔಷಧ ಹನಿಹನಿಯಾಗಿ ಇಳಿಯುವಾಗ ಪಕ್ಕದ ಕುರ್ಚಿಯಲ್ಲಿ ಹನುಮಂತಪ್ಪ ಇರುತ್ತಿದ್ದ. ಬಾಯಿಗೆ ಎಲ್ಲವೂ ತುಕ್ಕಿನ ರುಚಿ. ನಾವು ನೆನಪಿನಲ್ಲಿದ್ದ ಊಟಗಳನ್ನು ಮಾತಿನಲ್ಲಿ ಉಣ್ಣುತ್ತಿದ್ದೆವು. ನಾನು ಹೋಳಿಗೆಯ ಬಗ್ಗೆ ಹೇಳಿದರೆ ಅವನು ತನ್ನ ಊಟದ ಬಗ್ಗೆ ಹೇಳಲು ಬಾಯ್ತೆರೆದು, "ಬ್ಯಾಡ ಬಿಡ್ರಿ, ಅಮ್ಮಾರು ಅದಾರ," ಎಂದು ಮಜ್ಜಿಗೆಗೆ ಇಳಿಯುತ್ತಿದ್ದ. "ಪುರಾಣ ಹೇಳ್ರಿ, ಹೆಂಗೂ ಓಡಿಹೋಗಾಕ ಬರೂದಿಲ್ಲ," ಎಂದು ಸೂಜಿ ಚುಚ್ಚಿದ ಕೈಯನ್ನು ತೋರಿಸುತ್ತಿದ್ದ. ಹೇಳುತ್ತಿದ್ದೆ. ನಿದ್ದೆ ಹೋಗುತ್ತಿದ್ದ. ಆ ನಿದ್ದೆ ನನಗೆ ಯಾವ ಸಭೆಯ ಚಪ್ಪಾಳೆಗಿಂತಲೂ ಹೆಚ್ಚಿನ ಸಂತೋಷ ಕೊಡುತ್ತಿತ್ತು.

ಒಂದು ಸಲ ಆ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರು. ಗೌರಮ್ಮ ಅವನ ಮನೆಗೆ ಫೋನು ಮಾಡಿದಳು. ಅವನ ಹೆಂಡತಿ ಎತ್ತಿಕೊಂಡಳು. ಆಕೆ ಅತ್ತದ್ದು ನನಗೂ ಕೇಳಿಸಿತು. ಕಂಬಳಿಯನ್ನು ಹೊದಿಸಿಯೇ ಮಣ್ಣು ಮಾಡಿದರಂತೆ. ಅಂದು ಔಷಧ ಇಳಿಯುವವರೆಗೂ ಆ ಕುರ್ಚಿಯ ಕಡೆಗೆ ತಿರುಗಿ, ಯಾರಿಗೂ ಕೇಳಿಸದಂತೆ, ನಿಲ್ಲಿಸಿದ್ದ ಕಥೆಯನ್ನು ಹೇಳಿ ಮುಗಿಸಿದೆ.

ಈಗ ಕೀಮೋ ನಿಲ್ಲಿಸಿದ್ದಾರೆ. ಸಾಕೆಂದು ನಾನೂ ಹೇಳಿದೆ, ವೈದ್ಯರೂ ಹೇಳಿದರು. ಮನೆಯಲ್ಲಿದ್ದೇನೆ. ಮೆತ್ತನೆಯ ಅನ್ನ ಇಳಿಯುತ್ತದೆ, ನೋವಿಗೆ ಮಾತ್ರೆಯಿದೆ, ಸಂಜೆ ಅಂಗಳದಲ್ಲಿ ಕುಳಿತರೆ ಯಾರಾದರೂ ಬಂದು ಮಾತಾಡಿಸುತ್ತಾರೆ. ವೀರೇಶ ವಿಭೂತಿಯನ್ನು ತಾನೇ ಮನೆಗೆ ತಂದುಕೊಡುತ್ತಾನೆ. ಕೊಡುವಾಗ ನನ್ನ ಕಣ್ಣನ್ನು ನೋಡದಿರಲು ಪ್ರಯತ್ನಿಸುತ್ತಾನೆ, ಪಾಪ. ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಪೂಜೆ ಮುಗಿಯುವವರೆಗೆ ಹಿಡಿಯುವ ಶಕ್ತಿ ನನ್ನ ತೋಳಿಗೆ ಈಗಿಲ್ಲ. ಅದನ್ನು ಮೊದಲು ಗಮನಿಸಿದ್ದು ಗೌರಮ್ಮ. ಒಂದು ಬೆಳಿಗ್ಗೆ ಎದುರಿಗೆ ಕುಳಿತು ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗೆ ಇಟ್ಟಳು. ಅಂದಿನಿಂದ ಹಾಗೆಯೇ ನಡೆದಿದೆ.

ಪೂಜೆಯಾದ ಮೇಲೆ ನಮ್ಮಿಬ್ಬರಿಗೆ ಇನ್ನೊಂದು ಕೆಲಸವಿದೆ. ಭಸ್ಮವನ್ನು ತೊಳೆದು ನನ್ನ ಕೈಯನ್ನು ಆಕೆ ಹಿತ್ತಲ ಬಾಗಿಲಿನ ಬಿಸಿಲಿಗೆ ಹಿಡಿಯುತ್ತಾಳೆ. ನಳಿಕೆ ಕಟ್ಟಿಕೊಂಡರೆ ಮೊದಲು ಅಂಗೈಯಲ್ಲಿಯೇ ತಿಳಿಯುತ್ತದೆ. ಬಣ್ಣವನ್ನು ನೋಡಿ ಆಕೆ ಇದ್ದದ್ದನ್ನು ಇದ್ದಂತೆ ಹೇಳಬೇಕೆಂಬುದು ನಮ್ಮ ಒಪ್ಪಂದ. ಎಷ್ಟೋ ಬೆಳಗುಗಳಲ್ಲಿ, "ಬೆಳ್ಳಗೈತಿ, ನಡೀರಿ ಉಣ್ಣಾಕ," ಎಂದಿದ್ದಾಳೆ. ಪೂಜೆಯ ಪ್ರಸಾದದಂತೆ ಆ ಮಾತನ್ನು ಸ್ವೀಕರಿಸಿ ನಾನು ಒಳಗೆ ಬರುತ್ತಿದ್ದೆ.

ನಿನ್ನೆ ಬೆಳಿಗ್ಗೆ ಆಕೆ ಕೈಯನ್ನು ಬೇಗ ಬಿಡಲಿಲ್ಲ. ತನ್ನ ಅಂಗೈಯನ್ನು ಪಕ್ಕದಲ್ಲಿ ಹಿಡಿದು ಎರಡನ್ನೂ ನೋಡಿದಳು. ಪೂಜೆಯ ಹೊತ್ತಿನಲ್ಲಿಯೇ ನಾನು ಕಂಡಿದ್ದೆ. ಪೂಜೆ ಮುಗಿಯಲೆಂದು ಸುಮ್ಮನಿದ್ದೆ. ಆಕೆಯೂ ಆಗಲೇ ಕಂಡಿದ್ದಳಂತೆ, ಪೂಜೆ ಮುಗಿಯಲೆಂದು ತಾನೂ ಸುಮ್ಮನಿದ್ದಳಂತೆ.

"ಹಳದಿ ಐತ್ರಿ," ಎಂದಳು.

"ಹೂಂ," ಎಂದೆ.

ನಾಳೆ ಕರ್ನೂಲಿಗೆ ಹೋಗುತ್ತೇವೆ. ನಳಿಕೆಯನ್ನು ಸ್ವಚ್ಛ ಮಾಡಬಹುದು, ಇಲ್ಲವೇ ಇದು ಯಕೃತ್ತೇ ಸೋತ ಬೇರೆಯೇ ಹಳದಿಯಿರಬಹುದು. ಅದು ಶಿವನಿಗೆ ಗೊತ್ತು. ಒಳಗೆ ಕರೆದೊಯ್ಯುವಾಗ ಅಲ್ಲಿನವರು ಈಗ ನನ್ನ ಲಿಂಗದ ಬಗ್ಗೆ ಏನೂ ಕೇಳುವುದಿಲ್ಲ; ಬೆನ್ನಿಗೆ ಕಟ್ಟಿಕೊಳ್ಳಲು ಬಿಡುತ್ತಾರೆ. ಆದರೆ ಆ ಶಸ್ತ್ರಚಿಕಿತ್ಸೆಯ ಬೆಳಗಿನಿಂದ ಪ್ರತಿ ಸಲವೂ ನಾನೇ ಬಿಚ್ಚಿ ಆಕೆಗೆ ಕೊಟ್ಟು ಹೋಗುತ್ತೇನೆ. ಹಿಂದೆ ಯಾವುದಕ್ಕೆ ಹೆದರಿದ್ದೆನೋ ಈಗ ಅದೇ ನನ್ನ ಧೈರ್ಯ. ಮಣ್ಣಿಗೆ ಹೋಗುವ ದಿನ ನಮ್ಮವರು ಲಿಂಗವನ್ನು ಇದೇ ಎಡಗೈಯ ಮೇಲೆ ಇರಿಸುತ್ತಾರೆ. ಅದನ್ನು ಇಡುವವಳು ತಾನೇ ಎಂದು ಗೌರಮ್ಮ ಹೇಳಿದ್ದಾಳೆ. ನಾನು ಒಪ್ಪಿದ್ದೇನೆ.

ಆಕೆ ಲಿಂಗವಸ್ತ್ರವನ್ನು ಒಗೆದು ಹಿತ್ತಲ ತಂತಿಯ ಮೇಲೆ ಹರವಿದ್ದಾಳೆ. ಇಲ್ಲಿ ಕುಳಿತು ಬರೆಯುತ್ತಿರುವ ನನಗೆ ಅದು ಕಾಣುತ್ತದೆ. ಗಾಳಿಯಿಲ್ಲ, ಅಲುಗದೆ, ಬೆಳ್ಳಗೆ, ಬಿಸಿಲಿನಲ್ಲಿ ಒಣಗುತ್ತಿದೆ.